ಎಣಿಸುವವನ ಕುರ್ಚಿ

ನಾಲ್ಕು ಗಂಟೆಯ ಸಭೆಗೆ ಎರಡೂಮುಕ್ಕಾಲಿಗೇ ಬಂದು ನಿಂತವನು, ಮನುಷ್ಯ ಹುಟ್ಟಿದಂದಿನಿಂದ ಈ ಭೂಮಿಯ ಮೇಲೆ, ತಾನೊಬ್ಬನೇ ಇರಬೇಕು ಎಂದು ಅವನಿಗೆ ಅನ್ನಿಸಿತು. ಡ್ರೈವಿಂಗ್ ಶಾಲೆಯ ಮಗ್ಗುಲಲ್ಲಿ ಮೇಲಕ್ಕೆ ಹೋಗುವ ಮೆಟ್ಟಿಲುಗಳು ಹದಿನೇಳು; ಆದರೆ ಕಳೆದ ಬುಧವಾರ ಇಳಿದು ಓಡುವಾಗ ಅವು ಇನ್ನೂರಕ್ಕೆ ಒಂದೂ ಕಡಿಮೆ ಇರಲಿಲ್ಲ. ಓಡಿದ್ದು ನಿಜ. ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ, ಊರಿನ ಅರ್ಧ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿದ ಮನುಷ್ಯ, ಒಂದು ಬೂಟಿನ ಲೇಸು ನೆಲಕ್ಕೆಳೆಯುತ್ತಿದ್ದರೂ ನಿಲ್ಲದೆ, ಬಸ್ ನಿಲ್ದಾಣದವರೆಗೆ ಓಡಿದ್ದ. ಏಳು ದಿನವಾದರೂ ಆ ಗಾಬರಿ ಮೈಯಿಂದ ಇಳಿದಿರಲಿಲ್ಲ. ಹಲ್ಲುಜ್ಜುವಾಗ ಕೈ ನಿಂತುಬಿಡುತ್ತಿತ್ತು. ಗಿರಾಕಿಯ ಕಿವಿಯ ಹಿಂದೆ ಫ್ರೇಮಿನ ಕಡ್ಡಿ ಬಗ್ಗಿಸುತ್ತಿದ್ದ ಬೆರಳು ಅಲ್ಲೇ ತಡೆದುಕೊಂಡು, ‘ಏನ್ರೀ, ಕಿವೀಲಿ ಏನಾದ್ರೂ ಕಂಡ್ತಾ’ ಎಂದು ಗಿರಾಕಿಯೇ ಕೇಳಬೇಕಾಗುತ್ತಿತ್ತು. ಕಂಡದ್ದು ಕಿವಿಯಲ್ಲಲ್ಲ. ಈ ಮೆಟ್ಟಿಲಿನ ಮೇಲಿನ ಕೋಣೆಯಲ್ಲಿ, ಗೋಡೆಯಿಂದ ಹಣೆ ತೆಗೆದು ತಿರುಗಿದಾಗ, ಎಣಿಸುವವನ ಕುರ್ಚಿಯಲ್ಲಿ ಕುಳಿತಿದ್ದ ಮುಖ ಕಂಡಿತ್ತು. ಆ ಮುಖಕ್ಕೆ ‘ಬಾಟ್ಲಿ’ ಎಂದು ಹೆಸರಿಟ್ಟವನು ಅವನೇ.

ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಇಪ್ಪತ್ತೆಂಟು ವರ್ಷ. ಅವನ ಲೆಕ್ಕದಲ್ಲಿ ಹತ್ತು ಲಕ್ಷ ಕಣ್ಣುಗಳು, ಅದರಲ್ಲಿ ಬೆಸ ಸಂಖ್ಯೆ ಬರುವಂತೆ ಒಂದು ಗಾಜಿನ ಕಣ್ಣು. ಬಾಯಿ ಬಿಟ್ಟರೆ ಅವನಿಗೆ ಸಣ್ಣ ಅಂಕಿ ಬರುತ್ತಿರಲಿಲ್ಲ. ಹತ್ತು ಜನ ಇದ್ದ ಕಡೆ ಜಾತ್ರೆ, ಸೊಳ್ಳೆ ಕಚ್ಚಿದರೆ ಹದ್ದು. ಹಲ್ಲುನೋವಿಗೆ ‘ಸತ್ತೇ ಹೋದೆ’ ಎಂದಿದ್ದ, ಹೊಸ ಬೂಟು ಕಚ್ಚಿದ್ದಕ್ಕೆ ‘ಪ್ರಾಣ ಹೋಗಿ ಬಂತು’ ಎಂದಿದ್ದ, ನೆಗಡಿಗೆ ಒಮ್ಮೆ ಉಯಿಲು ಬರೆಯಲು ಕಾಗದ ಕೇಳಿದ್ದ. ಕಣ್ಣಿನ ನಂಬರು ಒಂದನ್ನು ಬಿಟ್ಟು. ಕತ್ತಲ ಕೋಣೆಯಲ್ಲಿ ಗಿರಾಕಿಯ ಮೂಗಿನ ಮೇಲೆ ಭಾರದ ಪರೀಕ್ಷೆ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, ಇದು ಚೆನ್ನಾಗಿದೆಯಾ ಇದು ಚೆನ್ನಾಗಿದೆಯಾ ಎಂದು ಕೇಳುವಾಗ ಮಾತ್ರ ಅವನೊಳಗಿನ ಬಡಾಯಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಂದೂಕಾಲು ಎಂದರೆ ಒಂದೂಕಾಲು. ಒಂದೂವರೆ ಎಂದು ಬರೆದುಕೊಟ್ಟ ದಾಖಲೆಯೇ ಇಲ್ಲ. ಐದು ವಾರದ ಹಿಂದೆ, ಒಂದು ಮಂಗಳವಾರ ಮೂರೂ ಐವತ್ತಕ್ಕೆ, ಅದೇ ಕತ್ತಲ ಕೋಣೆಯಲ್ಲಿ ಅವನ ಎಡಗಣ್ಣಿನ ಹಿಂದೆ ಯಾರೋ ಬಂದು ನಿಂತರು. ಹಾಗಲ್ಲದೆ ಬೇರೆ ಹೇಗೆ ಹೇಳುವುದು ಅವನಿಗೆ ತಿಳಿಯಲಿಲ್ಲ. ಇಡೀ ಜೀವಮಾನ ದೊಡ್ಡ ಮಾತುಗಳನ್ನು ಸಣ್ಣ ನೋವುಗಳಿಗೆ ಹಂಚಿ ಮುಗಿಸಿದ್ದವನು, ನಿಜವಾದದ್ದು ಬಂದಾಗ ಒಳಗೆ ತಡಕಾಡಿದರೆ ಡಬ್ಬಿ ಖಾಲಿ. ಮನೆಗೆ ಹೋಗಿ ಹೆಂಡತಿಗೆ ‘ತಲೆನೋವು’ ಎಂದ. ಹುಟ್ಟಿದಾಗಿನಿಂದ ಆಡಿದ ಅತ್ಯಂತ ಚಿಕ್ಕ ಮಾತು ಅದು. ಅವಳು ನೀರು ತಂದಿಟ್ಟು, ‘ಬರೀ ತಲೆನೋವಾ? ಮಿಕ್ಕಿದ್ದೆಲ್ಲ ಎಲ್ಲಿ ಬಿಟ್ಟು ಬಂದ್ರಿ?’ ಎಂದಳು.

ಮರುದಿನ ಮೂರೂ ಐವತ್ತಕ್ಕೆ ಅದು ಮತ್ತೆ ಬಂತು. ಅದರ ಮರುದಿನವೂ. ಯಾವ ಬಸ್ಸೂ ಯಾವ ಸರ್ಕಾರವೂ ಯಾವ ಕಾಲದಲ್ಲೂ ಅಷ್ಟು ಹೊತ್ತಿಗೆ ಸರಿಯಾಗಿ ಬಂದಿರಲಿಕ್ಕಿಲ್ಲ. ಮೊದಲು ಎಡ ಮೂಗು ಕಟ್ಟುವುದು, ಆಮೇಲೆ ಎಡಗಣ್ಣಿನಿಂದ ನೀರು, ರೆಪ್ಪೆ ಅರ್ಧ ಇಳಿಯುವುದು, ಆಮೇಲೆ ಅದು. ಮಲಗಲು ಆಗದು, ಕೂರಲು ಆಗದು. ನಡೆಯಬೇಕು, ಯಾವುದಕ್ಕಾದರೂ ಹಣೆ ಒತ್ತಬೇಕು. ಒಂದು ದಿನ ಮುದುಕಿಯೊಬ್ಬಳ ಮೂಗಿನ ಮೇಲೆ ಪರೀಕ್ಷೆ ಚೌಕಟ್ಟು ಕೂರಿಸಿ ಹಾಗೇ ಬಿಟ್ಟು ಹಿತ್ತಿಲಿಗೆ ಓಡಿದವನು ತಿರುಗಿ ಬರುವಾಗ ಅವಳು ಕತ್ತಲಲ್ಲಿ ಅಲುಗಾಡದೆ ಕುಳಿತಿದ್ದಳು. ‘ಬಂದ್ಯಾಪ್ಪಾ. ಇದನ್ನ ಇಷ್ಟು ಹೊತ್ತು ಹಾಕ್ಕೊಂಡಿರ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ’ ಎಂದಳು. ಅಂಗಡಿಯ ಯಜಮಾನರು ಅವನ ಕೆಂಪು ಕಣ್ಣನ್ನು ನೋಡಿದರು. ಅವರ ಮೂಗು ಸ್ವಲ್ಪ ಮುಂದೆ ಬಂದು ಗಾಳಿಯನ್ನು ಎಳೆದುಕೊಂಡಿತು. ಆ ಮೂಗನ್ನು ಅವನು ಬಲ್ಲ. ಆರು ವರ್ಷದ ಹಿಂದೆ ಆ ಮೂಗಿಗೆ ಆ ಅಭ್ಯಾಸ ಕಲಿಸಿದವನೂ ಅವನೇ. ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ, ನೆನಪಾಗದಂತೆ ನೋಡಿಕೊಂಡ.

ಭಾನುವಾರ ಮನೆಯಲ್ಲೇ ಬಂದಾಗ ಹೆಂಡತಿ ಮೊದಲ ಸಲ ಪೂರ್ತಿ ನೋಡಿದಳು. ಅವನು ಬಟ್ಟೆ ಬೀರುವಿನ ಬಾಗಿಲಿಗೆ ಹಣೆ ಕುಟ್ಟುತ್ತಿದ್ದ. ಅವಳು ಬಂದು, ಅವನ ಮುಖವನ್ನು ತನ್ನ ಕಡೆ ತಿರುಗಿಸಿ, ಎಡಗಣ್ಣು ಬಲಗಣ್ಣು ಎರಡನ್ನೂ ಸೀರೆ ಅಂಗಡಿಯಲ್ಲಿ ಅಂಚು ನೋಡುವ ಹಾಗೆ ನೋಡಿದಳು. ‘ಅಳೋದಾದ್ರೆ ಎರಡೂ ಕಣ್ಣಲ್ಲಿ ಅಳ್ರೀ. ಒಂದ್ರಲ್ಲಿ ಅತ್ರೆ ನಾನು ಅರ್ಧ ನಂಬಬೇಕಷ್ಟೆ’ ಎಂದಳು. ಅವಳು ಕೆಟ್ಟವಳಲ್ಲ. ಇಪ್ಪತ್ತಾರು ವರ್ಷ ಅವನ ಮಾತನ್ನು ಹತ್ತರಿಂದ ಭಾಗಿಸಿಯೇ ಬದುಕು ನಡೆಸಿದವಳು. ಅಭ್ಯಾಸದಂತೆ ಈಗಲೂ ಭಾಗಿಸಿದಳು. ಹಲ್ಲಿನ ಡಾಕ್ಟರು ಒಂದು ಒಳ್ಳೆಯ ಹಲ್ಲು ಕಿತ್ತರು. ಮೂಗಿನ ಡಾಕ್ಟರು ಮೂಗಿನೊಳಗೆ ದೀಪ ಹಾಕಿ ನೋಡಿದರು. ಮೂರನೆಯವರು, ಹೆಚ್ಚು ಮಾತಾಡದ ಡಾಕ್ಟರಮ್ಮ, ಅವನ ಇಡೀ ವರ್ಣನೆಯನ್ನು ಕೇಳಿಸಿಕೊಳ್ಳದೆ ಎರಡೇ ಪ್ರಶ್ನೆ ಕೇಳಿದರು: ಎಷ್ಟು ಗಂಟೆಗೆ ಬರುತ್ತೆ, ಯಾವ ಕಣ್ಣು. ಆಮೇಲೆ ‘ಕ್ಲಸ್ಟರ್ ತಲೆನೋವು. ಗೊಂಚಲಿನ ಹಾಗೆ ಕೆಲವು ವಾರ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ’ ಎಂದರು. ಮಾತ್ರೆ ಬರೆದರು, ಆಮ್ಲಜನಕದ ಸಿಲಿಂಡರಿಗೆ ಚೀಟಿ ಬರೆದರು, ಅದರ ಹಿಂದೆ ಒಂದು ವಿಳಾಸ ಬರೆದರು. ‘ನಿಮ್ಮ ಥರದವರು ಅಲ್ಲಿ ಸೇರ್ತಾರೆ.’ ಅವನಿಗೆ ನಿಜಕ್ಕೂ ಅವಮಾನವಾಯಿತು. ಇಡೀ ಲೋಕದಲ್ಲಿ ತನಗೊಬ್ಬನಿಗೇ ಬಂದದ್ದು ಎಂದು ಅದರೊಳಗೆ ಒಂದು ಸಣ್ಣ ಹೆಮ್ಮೆ ಕಟ್ಟಿಕೊಂಡಿದ್ದ. ಅದನ್ನೂ ಡಾಕ್ಟರಮ್ಮ ಚೀಟಿಯ ಹಿಂಭಾಗದಲ್ಲಿ ಇಟ್ಟು ಮಡಚಿ ಕೊಟ್ಟಿದ್ದರು.

ಹಾಗೆ ಬಂದದ್ದು ಕಳೆದ ಬುಧವಾರ. ಡ್ರೈವಿಂಗ್ ಕಲಿಸುವ ಕೋಣೆ ಅದು. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು, ಮುಂದೆ ತಿರುವಿದೆ, ಹಾರನ್ ಮಾಡಬೇಡಿ. ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ಜೋಡಿಸಿದ ಸ್ಟೀರಿಂಗ್, ಗೇರು, ಹಿಂದಿನದನ್ನು ತೋರಿಸುವ ಉದ್ದ ಕನ್ನಡಿ. ಎಲ್ಲೂ ಹೋಗದ ಗಾಡಿ. ಆರು ಜನರಿದ್ದರು, ಒಬ್ಬ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಭೂಗೋಳ ಕಲಿಸಿ ನಿವೃತ್ತರಾದ ಟೀಚರಮ್ಮ ಹಿರಿಯರು, ಅವರದೇ ಮಾತು. ಅವನು ನಿಂತುಕೊಂಡು, ಎದೆ ಮುಂದೆ ಮಾಡಿ, ತನ್ನದು ದಿನಕ್ಕೆ ನಾಲ್ಕು ಗಂಟೆ ಇರುತ್ತದೆ, ಕಬ್ಬಿಣ ಕಾಯಿಸಿ ಕಣ್ಣಲ್ಲಿ ಇಳಿಸಿದ ಹಾಗೆ, ನೂರು ಜನ ಒಟ್ಟಿಗೆ ಎಂದು ಶುರು ಮಾಡಿದ. ಯಾರೂ ನಗಲಿಲ್ಲ, ಯಾರೂ ಬೆರಗಾಗಲಿಲ್ಲ. ಹೊಸಬ ಎಲ್ಲಿ ಸುಸ್ತಾಗುತ್ತಾನೆ ಎಂದು ಕಾಯುವವರ ತಾಳ್ಮೆ ಆ ಮುಖಗಳಲ್ಲಿತ್ತು.

‘ಕೂತ್ಕೊಳ್ಳಪ್ಪಾ,’ ಎಂದರು ಟೀಚರಮ್ಮ. ‘ಹೇಗಿರುತ್ತೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನ ಇಲ್ಲಿ ಹೇಳೋ ಹಾಗಿಲ್ಲ. ಎಷ್ಟು ಹೊತ್ತು ಇರುತ್ತೆ ಅಷ್ಟು ಹೇಳು.’

‘ಹೇಳಿದ್ನಲ್ಲ, ನಾಲ್ಕು ಗಂಟೆ.’

‘ಅಳೆದಿದೀಯಾ?’

‘ಆ ಹೊತ್ತಲ್ಲಿ ಯಾರು ಅಳೀತಾರೆ ಟೀಚರಮ್ಮಾ.’

‘ನಾವು ಅಳೀತೀವಿ. ಅದಕ್ಕೇ ಸೇರೋದು.’

ಪದ್ಧತಿ ಅದಾಗಿತ್ತು. ಒಬ್ಬರಿಗೆ ಬಂದರೆ ಉಳಿದವರು ಬೆನ್ನು ತಿರುಗಿಸಿ ಕೂರಬೇಕು. ಆ ಅವಸ್ಥೆಯಲ್ಲಿ ಯಾರ ಮುಖವನ್ನೂ ಯಾರೂ ನೋಡಬಾರದು. ಮುಟ್ಟಬಾರದು. ಸಮಾಧಾನ ಹೇಳಬಾರದು. ಒಬ್ಬರು ಮಾತ್ರ ಎಣಿಸುವವರ ಕುರ್ಚಿಯಲ್ಲಿ ಗೋಡೆಯ ಚಿಹ್ನೆಗಳ ಕಡೆ ಮುಖ ಮಾಡಿ ಕುಳಿತು, ಪಟ್ಟಿ ಇಲ್ಲದ ಒಂದು ಹಳೆಯ ಕೈಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು, ನಿಮಿಷಕ್ಕೊಂದು ಸಲ ಅಂಕಿ ಹೇಳಬೇಕು. ಎಲ್ಲರ ಅಳತೆಯೂ ಒಂದು ನೋಟುಪುಸ್ತಕದಲ್ಲಿತ್ತು. ಟೀಚರಮ್ಮನದು ಎಪ್ಪತ್ತು, ಬಸ್ ಓಡಿಸುವವನದು ಇಪ್ಪತ್ತೈದು. ಕೊನೆ ಎಲ್ಲಿದೆ ಎಂದು ಗೊತ್ತಿದ್ದರೆ ಮನುಷ್ಯ ತಡೆದುಕೊಳ್ಳುತ್ತಾನೆ, ಅಷ್ಟೇ ಅವರ ಶಾಸ್ತ್ರ. ಮಾತ್ರೆಯ ದೆಸೆಯಿಂದಲೋ ಏನೋ, ಅಂದು ಮಾತ್ರ ಅವನಿಗೆ ಇಪ್ಪತ್ತು ನಿಮಿಷ ತಡವಾಗಿ, ನಾಲ್ಕೂ ಹತ್ತಕ್ಕೆ ಬಂತು. ಸಿಲಿಂಡರಿನ ಮುಖವಾಡ ಕೊಟ್ಟರು. ಅಭ್ಯಾಸವಿಲ್ಲದೆ ಎರಡು ಉಸಿರಿಗೇ ಕಿತ್ತೆಸೆದ. ಗೋಡೆಗೆ ಹಣೆ ಕೊಟ್ಟ. ಹಿಂದಿನಿಂದ ಒಂದು ಧ್ವನಿ, ಒಂದು, ಎಂದಿತು. ಏರಿಲ್ಲ, ಇಳಿವಿಲ್ಲ, ಕರುಣೆ ಇಲ್ಲ. ಎರಡು. ಮೂರು. ಆ ಧ್ವನಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು, ಆದರೆ ಆ ಹೊತ್ತಿನಲ್ಲಿ ತನ್ನ ಹೆಸರೇ ಬೇರೆಯವರದ್ದು ಅನ್ನಿಸುವಾಗ ಧ್ವನಿಯದ್ದೇನು. ಹಗ್ಗ ಹಿಡಿದ ಹಾಗೆ ಅಂಕಿಗಳನ್ನು ಹಿಡಿದು ನಡೆದ. ನೋವು ಬಿಟ್ಟುಹೋದ ಕ್ಷಣ ಧ್ವನಿ ‘ಐವತ್ತೆರಡು’ ಎನ್ನುತ್ತಿತ್ತು. ಐವತ್ತೆರಡು ನಿಮಿಷ. ನಾಲ್ಕು ಗಂಟೆಯಲ್ಲ, ಒಂದು ಗಂಟೆಯೂ ಅಲ್ಲ. ಬದುಕಿನಲ್ಲಿ ಅವನಿಗಾದ ಅತಿ ದೊಡ್ಡದು, ಅಳೆದಾಗ, ಒಂದು ಕ್ಷೌರದಷ್ಟು. ಆ ಬೆರಗಿನಲ್ಲೇ ತಿರುಗಿದ. ಕುರ್ಚಿಯವನೂ ತಿರುಗಿದ. ಬಾಟ್ಲಿ. ಅವನು ಎದ್ದು, ನೋಟುಪುಸ್ತಕದಲ್ಲಿ ಐವತ್ತೆರಡು ಎಂದು ಬರೆದು, ಗಡಿಯಾರವನ್ನು ಅಂಗಿಯ ತುದಿಯಲ್ಲಿ ಒರೆಸಿ ಮೇಜಿನ ಮೇಲಿಟ್ಟ. ಟೀಚರಮ್ಮ ಅವನನ್ನು ‘ಗಡಿಯಾರ’ ಎಂದು ಕರೆದರು. ಇಲ್ಲಿ ಅವನಿಗೆ ಅದು ಹೆಸರು. ಆಮೇಲೆ ಹದಿನೇಳು ಮೆಟ್ಟಿಲು, ಅಥವಾ ಇನ್ನೂರು.

ಬಾಟ್ಲಿ ಎಂಬವನು ಇವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತಿಕ್ಕುವವನಾಗಿದ್ದ. ಮುಂದೆ ಇವನು ನಂಬರು ಬರೆದರೆ ಹಿಂದೆ ಅವನು ಗಾಜನ್ನು ಫ್ರೇಮಿನ ಆಕಾರಕ್ಕೆ ತಿಕ್ಕಿ ಕೂರಿಸಬೇಕು. ನೀರು ತೊಟ್ಟಿಕ್ಕುವ ಯಂತ್ರದ ಗುರ್ ಎನ್ನುವ ಸದ್ದು ದಿನವಿಡೀ. ‘ಅಣ್ಣಾ, ಈ ಅಕ್ಷರ ಏನು’ ಎಂದು ಚೀಟಿ ಹಿಡಿದು ಬರುತ್ತಿದ್ದ; ಇವನ ಬರಹ ಅಷ್ಟು ಚೆಂದ. ಆರು ವರ್ಷದ ಹಿಂದೆ ಒಮ್ಮೆ ದಿನವೂ ಮಧ್ಯಾಹ್ನ ಮೂರೂ ಐದಕ್ಕೆ ಯಂತ್ರ ನಿಲ್ಲತೊಡಗಿತು. ಒಳಗಿನಿಂದ ಚಿಲಕ. ಮುಕ್ಕಾಲು ಗಂಟೆಯ ಮೇಲೆ ಚಿಲಕ ತೆಗೆದರೆ ಬಲಗಣ್ಣು ಕೆಂಪು, ರೆಪ್ಪೆ ಅರ್ಧ ಮುಚ್ಚಿ, ಮೂಗಿನಲ್ಲಿ ನೀರು. ‘ಏನಪ್ಪಾ’ ಎಂದರೆ ‘ತಲೆನೋವಣ್ಣಾ’ ಎನ್ನುತ್ತಿದ್ದ. ಇವನಿಗೆ ಅದು ಸಾಲಲಿಲ್ಲ. ಇಷ್ಟು ಒಳ್ಳೆಯ ಚಿಲಕಕ್ಕೆ ಇಷ್ಟು ಬಡ ಕಾರಣವೇ. ಗಿರಾಕಿಯೊಬ್ಬನನ್ನು ನಗಿಸಲು, ಒಳಗೊಂದು ಬಾಟ್ಲಿ ಇಟ್ಟಿದಾನೆ, ಎಂದ. ಗಿರಾಕಿ ನಕ್ಕ. ಮರುದಿನ ಬಾಟ್ಲಿ ಮೂರಾಯಿತು. ವಾರದೊಳಗೆ ಅದು ನೀರಿನ ತೊಟ್ಟಿಯ ಹಿಂದೆ ಸೇರಿತು, ಅದಕ್ಕೊಂದು ಬಣ್ಣ ಬಂತು, ಮುಚ್ಚಳದ ಮೇಲೆ ಚಿತ್ರ ಬಂತು, ಗಾಜು ತಿಕ್ಕುವವನಿಗೆ ಬಾಟ್ಲಿ ಎಂದೇ ಹೆಸರಾಯಿತು. ಒಳ್ಳೆಯ ಕಥೆ. ಎಂಟು ದಿನ ಅಂಗಡಿಯ ಜನರೆಲ್ಲ ಕಾದು ಕೇಳಿದರು. ಒಂಬತ್ತನೆಯ ದಿನ ಯಜಮಾನರು ಬಾಗಿಲು ಒದ್ದು ತೆಗೆಸಿದಾಗ ಅವನು ನೆಲದ ಮೇಲೆ, ತಣ್ಣನೆಯ ಯಂತ್ರಕ್ಕೆ ಹಣೆ ಒತ್ತಿಕೊಂಡಿದ್ದ. ಬಾಟ್ಲಿ ಇರಲಿಲ್ಲ. ಯಜಮಾನರು ಬಗ್ಗಿ ಮೂಸಿದರು. ‘ವಾಸನೆ ಇಲ್ವಲ್ಲಯ್ಯಾ’ ಎಂದು ಇವನ ಕಡೆ ತಿರುಗಿದರು. ಅಲ್ಲಿಗೆ ಮುಗಿಯಬಹುದಿತ್ತು. ಇವನಿಗೆ ಎಂಟು ದಿನದ ಕಥೆ ಕಣ್ಣೆದುರೇ ಬಿದ್ದುಹೋಗುವುದು ಕಾಣಿಸಿತು. ‘ವಾಸನೆ ಬರದೇ ಇರೋದೂ ಸಿಗುತ್ತೆ ಸಾರ್ ಈಗ’ ಎಂದ. ನೆಲದ ಮೇಲಿದ್ದವನು ಒಂದೇ ಕಣ್ಣು ತೆರೆದು ಇವನನ್ನು ನೋಡಿದನೋ ಇಲ್ಲವೋ. ಸಂಜೆಯ ಹೊತ್ತಿಗೆ ಅವನ ಕೆಲಸ ಹೋಗಿತ್ತು.

ಇಂದು ಇವನು ಮತ್ತೆ ಆ ಮೆಟ್ಟಿಲು ಹತ್ತಿದ. ಹೇಳಬೇಕಾದ್ದನ್ನು ಏಳು ದಿನದಲ್ಲಿ ನಾನೂರು ಬಗೆಯಲ್ಲಿ ಕಟ್ಟಿಕೊಂಡಿದ್ದ. ಹತ್ತುವಾಗ ಮೆಟ್ಟಿಲಿಗೊಂದು ಉದುರಿತು. ಆ ಒಂದು ಕೋಣೆಯಲ್ಲಿ ಮಾತ್ರ ಅವನ ಮಾತನ್ನು ಯಾರೂ ಯಾವುದರಿಂದಲೂ ಭಾಗಿಸಿರಲಿಲ್ಲ. ಅದನ್ನು ಕಳೆದುಕೊಂಡರೆ ಬಟ್ಟೆ ಬೀರುವಿನ ಬಾಗಿಲೇ ಗತಿ. ಬಾಗಿಲು ತೆರೆದಿತ್ತು. ಗಾಜು ತಿಕ್ಕುವವನು ಒಬ್ಬನೇ ಕುರ್ಚಿಗಳನ್ನು ಎಳೆದು ಜೋಡಿಸುತ್ತಿದ್ದ. ಕೂದಲು ನೆರೆತಿದೆ. ಕೈ ಅದೇ, ಬೆರಳಿನ ತುದಿಗಳು ಸವೆದು ನುಣ್ಣಗೆ.

‘ಬೇಗ ಬಂದ್ಬಿಟ್ರಿ,’ ಎಂದ ಅವನು. ಅಣ್ಣ ಎನ್ನಲಿಲ್ಲ.

‘ಕೆಲ್ಸ ಇರ್ಲಿಲ್ಲ ಅಂಗಡೀಲಿ.’ ಮೂವರು ಗಿರಾಕಿಗಳನ್ನು ಕೂರಿಸಿ ಬಂದಿದ್ದ. ಅವನನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ, ಎರಡೂ ಬೇಡದಂಥ ಮಾತುಗಳನ್ನು ಹುಡುಕಿದ. ‘ಇನ್ನೂ ಯಾರೂ ಬಂದ ಹಾಗಿಲ್ಲ.’

‘ನಾಲ್ಕಕ್ಕಲ್ವಾ ಬರೋದು. ಮೂರಕ್ಕೆ ಟೀಚರಮ್ಮ ಒಬ್ರೇ ಬರ್ತಾರೆ, ನಂದನ್ನ ಎಣಿಸೋಕೆ. ಇವತ್ತು ಅವರಿಗೇ ಹೊತ್ತಲ್ಲದ ಹೊತ್ತಲ್ಲಿ ಹಿಡ್ಕೊಂಡಿದೆ. ಫೋನ್ ಬಂತು.’ ಮೂಲೆಯ ಕಡೆ ಗದ್ದ ತೋರಿಸಿದ. ಸಿಲಿಂಡರ್ ನಿಲ್ಲಿಸುತ್ತಿದ್ದ ಕಡೆ ನೆಲದ ಮೇಲೆ ದುಂಡನೆಯ ಗುರುತು ಮಾತ್ರ ಇತ್ತು. ‘ಅದೂ ತುಂಬಿಸೋಕೆ ಹೋಗಿದೆ. ನೀವು ಎಣಿಸ್ತೀರಾ?’

‘ನಾನು ಹೊಸಬ.’

‘ಅಂಕಿ ಬರುತ್ತಲ್ಲ.’

ಅದು ಚುಚ್ಚಿದ್ದೋ ತಮಾಷೆಯೋ ತಿಳಿಯಲಿಲ್ಲ. ಗಡಿಯಾರ ಅಂಗೈಗೆ ಬಂತು, ಇನ್ನೊಬ್ಬರ ಅಂಗೈಯ ಬಿಸಿಯೊಂದಿಗೆ. ‘ನಂದು ನಲವತ್ತೈದು,’ ಎಂದ ಗಾಜು ತಿಕ್ಕುವವನು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸುತ್ತ. ‘ಆರು ವರ್ಷದಲ್ಲಿ ಒಂದೇ ಒಂದ್ಸಲಾನೂ ದಾಟಿಲ್ಲ. ನೀವು ಅಂಕಿ ಹೇಳ್ತಾ ಹೋದ್ರೆ ಸಾಕು. ತಿರುಗಿ ನೋಡ್ಬೇಡಿ.’

ಮೂರೂ ಐದು. ಹಿಂದೆ ಒಂದು ಉಸಿರು ಒಡೆದ ಸದ್ದು. ಅವನು ನೋಡುತ್ತಿದ್ದದ್ದು ಗೋಡೆಯ ಮೇಲಿನ ಕೆಂಪು ತ್ರಿಕೋನವನ್ನು. ಆದರೆ ಪಕ್ಕದಲ್ಲೇ ಎಲ್ಲೂ ಹೋಗದ ಗಾಡಿಯ ಕನ್ನಡಿ ಇತ್ತು, ಅದರಲ್ಲಿ ಇಡೀ ಕೋಣೆ. ಒಂದು, ಎಂದ. ಗಾಜು ತಿಕ್ಕುವವನು ಕೋಣೆಯ ಉದ್ದಕ್ಕೆ ನಡೆಯುತ್ತಿದ್ದ. ಎರಡು. ಅಂಗೈಯಿಂದ ಬಲಗಣ್ಣನ್ನು ಒಳಕ್ಕೆ ಒತ್ತುತ್ತಿದ್ದ. ನಾಲ್ಕು. ತಾನು ಹೊರಗಿನಿಂದ ಹೇಗೆ ಕಾಣುತ್ತೇನೆಂದು ಅವನು ಈವರೆಗೆ ಕಂಡಿರಲಿಲ್ಲ. ಅವನ ಸ್ವಂತ ಬೆನ್ನು, ಸ್ವಂತ ಹೆಗಲು ಇನ್ನೊಬ್ಬನ ಅಂಗಿ ತೊಟ್ಟು ತಿರುಗುತ್ತಿತ್ತು. ಮುಚ್ಚಿದ ಚಿಲಕದ ಆಚೆ ದಿನವೂ ಇದು ನಡೆದಿತ್ತು; ಈಚೆ, ಎಂಟು ಹೆಜ್ಜೆ ದೂರದಲ್ಲಿ, ಅವನು ಬಾಟ್ಲಿಗೆ ಬಣ್ಣ ಬಳಿಯುತ್ತಿದ್ದ. ಏಳು. ಹಣೆ ಗೋಡೆಗೆ ತಾಗಿದ ಸದ್ದು, ಮೆಲ್ಲಗೆ, ಬಾಗಿಲು ತಟ್ಟಿ ಅಪ್ಪಣೆ ಕೇಳುವವರ ಹಾಗೆ. ಎಂಟು. ಮತ್ತೆ ತಟ್ಟಿತು. ಒಂಬತ್ತಕ್ಕೆ ಇನ್ನೂ ಇಪ್ಪತ್ತು ಸೆಕೆಂಡು ಇತ್ತು. ಅವನು ಒಂಬತ್ತು ಎಂದ.

ಕೆಟ್ಟದ್ದಕ್ಕಲ್ಲ. ಇಪ್ಪತ್ತು ಸೆಕೆಂಡು ಉದುರಿಸಿ ಕೊಟ್ಟರೆ ಯಾರಿಗೆ ನಷ್ಟ. ಇಡೀ ಜೀವಮಾನ ಇಲ್ಲದ್ದನ್ನು ಸೇರಿಸುತ್ತ ಬಂದ ಬಾಯಿ. ಇಂದು ಒಬ್ಬನಿಗೆ ಉಪಕಾರವಾಗುವಂತೆ ಸೇರಿಸುತ್ತಿದೆ, ಅಷ್ಟೇ. ಅವನಿಗೆ ಎದೆಯಲ್ಲಿ ಒಂದು ಬಿಸಿ ಏರಿತು, ಕ್ಷಮೆ ಕೇಳುವುದಕ್ಕಿಂತ ಇದು ಎಷ್ಟೋ ದೊಡ್ಡದು, ಇಂಥ ಉಪಾಯ ಈ ಸಂಘದ ಯಾರಿಗೂ ಹೊಳೆದಿರಲಿಕ್ಕಿಲ್ಲ. ಹತ್ತು. ಹನ್ನೊಂದು. ಮುಳ್ಳು ನಲವತ್ತು ಸೆಕೆಂಡು ನಡೆದರೆ ಒಂದು ನಿಮಿಷ. ಗಾಜು ತಿಕ್ಕುವವನು ಸ್ಟೀರಿಂಗ್ ಹಿಡಿದು ತೂಗಿದ, ಬಿಟ್ಟ, ಮತ್ತೆ ನಡೆದ. ಇಪ್ಪತ್ತು. ಮೂವತ್ತು. ಅಂಕಿಗಳು ಎಷ್ಟು ಸಲೀಸಾಗಿ ಬರುತ್ತಿದ್ದವೆಂದರೆ ಅವನಿಗೆ ತಾನು ನೋವನ್ನೇ ಗೋಡೆಯಿಂದ ಕಳಚಿ ಕೊಡುತ್ತಿದ್ದೇನೆ ಅನ್ನಿಸಿತು. ನಲವತ್ತೆರಡಕ್ಕೆ ಕನ್ನಡಿಯಲ್ಲಿ ಆ ಮನುಷ್ಯ ನಡೆಯುವುದನ್ನು ನಿಲ್ಲಿಸಿದ. ಕಾಲು ಜೋಡಿಸಿ, ಎರಡೂ ಕೈ ಇಳಿಬಿಟ್ಟು, ತನ್ನ ನಿಲ್ದಾಣ ಹತ್ತಿರವಾದವನ ಹಾಗೆ ನಿಂತ. ನಲವತ್ಮೂರು. ನಲವತ್ನಾಲ್ಕು. ಮುಖವನ್ನು ಸ್ವಲ್ಪ ಮೇಲಕ್ಕೆತ್ತಿದ.

ನಲವತ್ತೈದು, ಎಂದ ಅವನು.

ಏನೂ ಆಗಲಿಲ್ಲ. ಗಡಿಯಾರದಲ್ಲಿ ಆಗಿದ್ದದ್ದು ಮೂವತ್ತೆರಡು ನಿಮಿಷ, ನಲವತ್ತು ಸೆಕೆಂಡು. ಅದು ಅವನಿಗೆ ಗೊತ್ತಿತ್ತು. ಇಷ್ಟು ಹೊತ್ತು ಗೊತ್ತಿದ್ದದ್ದೇ. ಆದರೆ ಅದರ ಅರ್ಥ ಈಗ ತಲೆಗೆ ಬಡಿಯಿತು. ನಿಲ್ದಾಣವನ್ನು ಮೊದಲೇ ಕೂಗಿ, ಇಳಿಯಲು ನಿಂತವನನ್ನು ನಡುದಾರಿಯಲ್ಲಿ ಬಾಗಿಲಿಗೆ ತಂದು ನಿಲ್ಲಿಸಿದ್ದ. ಈಗ ಸುಮ್ಮನಾಗಲು ಬರುವುದಿಲ್ಲ. ನಲವತ್ತಾರು, ಎಂದಿತು ಬಾಯಿ, ತಾನಾಗಿ. ಕನ್ನಡಿಯಲ್ಲಿ ಆ ಮುಖ ಗೋಡೆಯಿಂದ ಗೋಡೆಗೆ ತಿರುಗಿತು. ‘ಇಲ್ಲ,’ ಎಂದ ಗಾಜು ತಿಕ್ಕುವವನು. ಯಾರಿಗೋ ಅರ್ಜಿ ಕೊಡುವವನ ಮೆತ್ತನೆಯ ಧ್ವನಿ. ನಲವತ್ತೇಳು. ‘ದಾಟ್ತಾ ಇದೆ.’ ಮುಕ್ಕಾಲು ಗಂಟೆ ಸಹಿಸಲು ಆರು ವರ್ಷದಲ್ಲಿ ಕಟ್ಟಿಕೊಂಡದ್ದೆಲ್ಲ ಆ ಹೆಗಲುಗಳಿಂದ ಕಣ್ಣೆದುರೇ ಇಳಿದುಹೋಯಿತು. ನಲವತ್ತೆಂಟು, ನಲವತ್ತೊಂಬತ್ತು. ಯಾಕೆ ಹೇಳುತ್ತಿದ್ದೇನೆ, ನಿಲ್ಲಿಸು, ಎಂದು ಒಳಗೆ ಯಾರೋ ಕೂಗುತ್ತಿದ್ದರು, ಮತ್ತು ಬಾಯಿ, ಆರು ವರ್ಷದ ಹಿಂದೆ ವಾಸನೆ ಇಲ್ಲದ್ದನ್ನೂ ತಂದುಕೊಟ್ಟ ಅದೇ ಬಾಯಿ, ಬಿದ್ದುಹೋಗುವ ಕಥೆಯನ್ನು ಎತ್ತಿ ಹಿಡಿಯುತ್ತಲೇ ಇತ್ತು. ಐವತ್ತು. ‘ಇದಿನ್ನು ನಿಲ್ಲಲ್ಲ,’ ಎಂದ ಗಾಜು ತಿಕ್ಕುವವನು, ತೀರ ಸ್ಪಷ್ಟವಾಗಿ, ಮತ್ತು ಕಿಟಕಿಯ ಕಡೆ ನಡೆದ. ಐವತ್ತೊಂದು. ಕನ್ನಡಿಯಲ್ಲಿ ಅವನ ನುಣ್ಣಗಿನ ಬೆರಳುಗಳು ಕಿಟಕಿಯ ಚಿಲಕವನ್ನು ಹುಡುಕುತ್ತಿದ್ದವು. ಗಾಳಿಗಿರಬಹುದು. ಕೆಳಗೆ ಹದಿನೇಳು ಮೆಟ್ಟಿಲಿನಷ್ಟು ಆಳದಲ್ಲಿ ಬೀದಿ.

ಅವನು ಕುರ್ಚಿಯಿಂದ ಎದ್ದು ತಿರುಗಿದ. ‘ಐವತ್ತೊಂದಲ್ಲ.’

ಬೆರಳುಗಳು ಚಿಲಕದ ಮೇಲೆ ನಿಂತವು.

‘ಸುಳ್ಳು ಹೇಳ್ದೆ. ಎಂಟರಿಂದ ಆಚೆಗೆಲ್ಲ ಸುಳ್ಳು. ಬೇಗ ಮುಗೀಲಿ ಅಂತ ಬೇಗ ಬೇಗ ಹೇಳ್ದೆ. ಈಗ ಆಗಿರೋದು ಮೂವತ್ತಾರು.’

ಆ ಮನುಷ್ಯನ ಉಸಿರು ಕಿಟಕಿಯ ಗಾಜನ್ನು ಮಸುಕಾಗಿಸಿತು.

‘ಯಾವುದು ಸುಳ್ಳು,’ ಎಂದ ಗಾಜು ತಿಕ್ಕುವವನು, ಕಿಟಕಿಯ ಗಾಜಿಗೇ. ‘ಅದಾ, ಇದಾ.’

‘ನೋಡು ಬೇಕಾದ್ರೆ, ಗಡಿಯಾರ ಇಲ್ಲಿದೆ.’ ಚಾಚಿದ.

‘ಕಣ್ಣು ಬಿಡೋಕಾಗಲ್ಲ ನಂಗೆ.’

ಅವನ ಕೈ ಹಾಗೇ ಚಾಚಿಕೊಂಡು ನಿಂತಿತು. ತನ್ನ ಮಾತಿಗೆ ಸಾಕ್ಷಿ ಹೇಳಬಲ್ಲವರು ಯಾರು. ಹೆಂಡತಿ ಅರ್ಧ ನಂಬುತ್ತಾಳೆ. ಯಜಮಾನರು ಮೂಸುತ್ತಾರೆ. ಈ ಗಾಜು ತಿಕ್ಕುವವನ ವಿಷಯದಲ್ಲಿ ಅವನೇ ಒಂದು ಸಲ ಸಾಕ್ಷಿ ಹೇಳಿದ್ದ, ಅದೂ ವಾಸನೆ ಬರದ ಬಾಟ್ಲಿಗೆ. ‘ಕಣ್ಣಿನ ನಂಬರ್ ಹೇಳೋ ಹಾಗೆ ಹೇಳ್ತಾ ಇದೀನಿ,’ ಎಂದ ಕೊನೆಗೆ. ಆ ಧ್ವನಿ ತನ್ನದೇ ಆದರೂ ಕತ್ತಲ ಕೋಣೆಯ ಹೊರಗೆ ಅದನ್ನು ಅವನು ಎಂದೂ ಕೇಳಿರಲಿಲ್ಲ. ‘ಮೂವತ್ತಾರು. ಈಗ ಮೂವತ್ತೇಳು.’

ಗಾಜು ತಿಕ್ಕುವವನ ಹಣೆ ಕಿಟಕಿಯ ಗಾಜಿಗೆ ಒರಗಿತು. ಚಿಲಕದ ಮೇಲಿನ ಕೈ ಅಲ್ಲೇ ಇತ್ತು. ‘ನಿಮ್ಮ ನಂಬರು,’ ಎಂದ. ಉಸಿರು ಎಳೆದ. ‘ಒಂದ್ಸಲಾನೂ ತಪ್ಪಿರ್ಲಿಲ್ಲ.’ ಮತ್ತೆ ಉಸಿರು. ‘ಒಂದು ಗಾಜೂ ತಿರುಗಿ ಬರ್ಲಿಲ್ಲ ನನ್ನ ಹತ್ರ.’

‘ಮೂವತ್ತೆಂಟು.’

‘ಬಾಟ್ಲಿ ಕಥೇನೂ ನೀವೇ.’

‘ನಾನೇ.’

‘ಎಷ್ಟು ಅಂದಿದ್ರಿ.’

‘ಮೊದ್ಲು ಒಂದು. ಆಮೇಲೆ ಮೂರು.’

‘ಇದ್ದದ್ದು.’

‘ಒಂದೂ ಇರ್ಲಿಲ್ಲ.’ ಮುಳ್ಳು ನೆತ್ತಿಗೆ ಬಂತು. ‘ಮೂವತ್ತೊಂಬತ್ತು.’

ಇನ್ನೇನಾದರೂ ಕೇಳುತ್ತಾನೆಂದು ಕಾದ. ಕಟ್ಟಿಕೊಂಡು ಬಂದಿದ್ದ ನಾನೂರು ಬಗೆಯಲ್ಲಿ ಒಂದೂ ಈಗ ಬಾಯಿಗೆ ಬರಲಿಲ್ಲ, ಬಂದಿದ್ದರೂ ಅಂಕಿಯ ನಡುವೆ ಅದಕ್ಕೆ ಜಾಗವಿರಲಿಲ್ಲ. ಕುರ್ಚಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕುಳಿತ. ಹೋಗುವಾಗ ಗಾಡಿಯ ಕನ್ನಡಿಯನ್ನು ಕೈಯಿಂದ ಮೇಲಕ್ಕೆ ತಿರುಗಿಸಿಬಿಟ್ಟ. ಅದರಲ್ಲಿ ಈಗ ತಾರಸಿ ಮಾತ್ರ. ನಲವತ್ತು. ನೆಲದ ಮೇಲೆ ಹೆಜ್ಜೆ ಮತ್ತೆ ಶುರುವಾಯಿತು, ಕಿಟಕಿಯಿಂದ ಈಚೆಗೆ. ಅರವತ್ತು ಸೆಕೆಂಡು ಎಂದರೆ ಎಷ್ಟೆಂದು ಅವನು ಈ ಜನ್ಮದಲ್ಲಿ ನೋಡಿರಲಿಲ್ಲ. ಮುಳ್ಳು ಒಂದೊಂದು ಗೆರೆಯ ಮೇಲೂ ಕಾಲೂರಿ ಎದ್ದು ಮುಂದಿನದಕ್ಕೆ ಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದ ನಲವತ್ತೊಂದನ್ನು ಹಲ್ಲಿನಿಂದ ಹಿಡಿದು, ಹೊತ್ತಾದ ಮೇಲೆ ಬಿಟ್ಟ. ನಲವತ್ತೆರಡು. ಹಿಂದೆ ಹಣೆ ತಟ್ಟಿತು, ಅವನು ತಿರುಗಲಿಲ್ಲ. ನಲವತ್ಮೂರು. ನಲವತ್ನಾಲ್ಕಕ್ಕೂ ನಲವತ್ತೈದಕ್ಕೂ ನಡುವೆ, ನಿಜಕ್ಕೂ ನಿಲ್ಲದಿದ್ದರೆ, ಎಂಬ ಯೋಚನೆ ಬಂತು. ಆದರೂ ಕಾದ. ನಲವತ್ತೈದು, ಎಂದ.

ಹೆಜ್ಜೆಗಳು ನಿಂತವು. ಹಿಂದಿನಿಂದ ಬಂದದ್ದು ಭಾರದ ಪೆಟ್ಟಿಗೆಯನ್ನು ನೆಲಕ್ಕಿಳಿಸುವವರ ಉಸಿರು. ಆಮೇಲೆ ಮೂಗು ಒರೆಸಿಕೊಂಡ ಸದ್ದು.

ಮೂರೂ ಐವತ್ತು. ಅವನ ಎಡ ಮೂಗು ಕಟ್ಟಹತ್ತಿತು. ನೋಡುತ್ತಿದ್ದ ಕೆಂಪು ತ್ರಿಕೋನ ನೀರಿನಲ್ಲಿ ಕದಡಿತು, ಒಂದೇ ಕಣ್ಣಿನಲ್ಲಿ. ಎದ್ದು ತಿರುಗಿದಾಗ ಗಾಜು ತಿಕ್ಕುವವನು ಎದುರಿಗೇ ನಿಂತಿದ್ದ. ಬಲರೆಪ್ಪೆ ಇನ್ನೂ ಅರ್ಧ ಇಳಿದಿತ್ತು. ಇವನ ಎಡರೆಪ್ಪೆ ಇಳಿಯುತ್ತಿತ್ತು. ಅವನು ಕೈ ಚಾಚಿದ. ಇವನು ಗಡಿಯಾರ ಕೊಟ್ಟ. ಅದನ್ನು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಅವನು ಕುರ್ಚಿಯಲ್ಲಿ ಕುಳಿತ, ಬೆನ್ನು ತೋರಿಸಿ. ಅಣ್ಣ ಎನ್ನಲಿಲ್ಲ. ಐವತ್ತೆರಡನ್ನು ಅವನು ನೂರು ಮಾಡಬಹುದು. ಆರು ವರ್ಷವನ್ನು ಒಂದು ಅಂಕಿಯೊಳಗೆ ತುಂಬಿ ಕೊಡಬಹುದು, ಯಾರಿಗೂ ತಿಳಿಯುವುದಿಲ್ಲ. ಕಿಟಕಿಯ ಗಾಜಿನ ಮೇಲೆ ಅವನ ಹಣೆಯ ದುಂಡನೆಯ ಗುರುತು ಇನ್ನೂ ಆರಿರಲಿಲ್ಲ. ಇವನು ತನ್ನ ಹಣೆಯನ್ನು ಅಲ್ಲೇ ಇಟ್ಟ, ಅದು ಇನ್ನೂ ಬೆಚ್ಚಗಿದೆ ಅನ್ನಿಸಿತು, ಮತ್ತು ಕಣ್ಣಿನ ಹಿಂದೆ ಯಾರೋ ಬಂದು ನಿಂತರು. ತುಟಿ ಕಚ್ಚಿ, ಒಳಗೊಳಗೇ, ಮುಳ್ಳು ಕಾಲೂರಿ ಕಾಲೂರಿ ಹೋದ ಹಾಗೆ ಅರವತ್ತನ್ನೂ ಎಣಿಸಿದ. ಅರವತ್ತು ಮುಗಿಯುವುದಕ್ಕೂ ಹಿಂದಿನಿಂದ ಆ ಧ್ವನಿ ಬರುವುದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಒಂದು, ಎಂದಿತು.